ಹಲಗೆಗೆ ಗೆದ್ದಲು ಹಿಡಿದಿರಲಿಲ್ಲ

ನಮ್ಮ ಊರಿನ ಸಂಜೆ ಪತ್ರಿಕೆ ಈಚೆಗೆ ತನ್ನ ಇತಿಹಾಸವನ್ನು ತಾನೇ ಬರೆದುಕೊಂಡು ವಿಶೇಷ ಸಂಚಿಕೆಯೊಂದನ್ನು ಹೊರತಂದಿದೆ. ಕಾಗದ ನುಣುಪಾಗಿದೆ, ಚಿತ್ರಗಳಿಗೆ ಬಣ್ಣ ಹೆಚ್ಚಾಗಿದೆ. ಹಳೆಯ ಮುದ್ರಣ ಯಂತ್ರದ ಬಗ್ಗೆ ಅರ್ಧ ಪುಟ, ಈಗಿನ ಯಂತ್ರದ ಬಗ್ಗೆ ಎರಡು ಪುಟ, ಯಜಮಾನರು ಯಾರ ಯಾರ ಕೈ ಕುಲುಕಿದರು ಎಂಬುದಕ್ಕೆ ಉಳಿದೆಲ್ಲ ಪುಟಗಳು. ನಡುವೆ ಒಂದು ಕಡೆ, ಚಿತ್ರವೊಂದರ ಅಡಿಯಲ್ಲಿ, ಹೀಗೆ ಬರೆದಿದೆ: ಕಚೇರಿಯ ಮುಂದೆ ಒಂದು ಕಾಲಕ್ಕೆ ಕರಿಹಲಗೆ ಇತ್ತು, ಸಿಬ್ಬಂದಿಯೊಬ್ಬರು ಅದರ ಮೇಲೆ ಸುದ್ದಿ ಬರೆಯುತ್ತಿದ್ದರು, ಗೆದ್ದಲು ಹಿಡಿದುದರಿಂದ ತೆಗೆಸಲಾಯಿತು.

ಆ ಸಿಬ್ಬಂದಿಯೊಬ್ಬರು ನಾನು. ಹೆಸರು ಹಾಕದಿದ್ದುದಕ್ಕೆ ನನ್ನ ತಕರಾರಿಲ್ಲ; ಈ ಬರಹದಲ್ಲಿ ನಾನೂ ಯಾರ ಹೆಸರನ್ನೂ ಹಾಕುವುದಿಲ್ಲ. ನನ್ನ ತಕರಾರು ಗೆದ್ದಲಿನದು. ಹಲಗೆಗೆ ಗೆದ್ದಲು ಹಿಡಿದಿರಲಿಲ್ಲ. ಅದನ್ನು ಯಾರೂ ತೆಗೆಸಲಿಲ್ಲ. ತೆಗೆದವಳು ನಾನು, ಇನ್ನೊಬ್ಬ ಹೆಂಗಸಿನ ಜೊತೆಗೂಡಿ, ಹಾಡಹಗಲಲ್ಲಿ, ಗಲ್ಲಿಯ ಜನ ನೋಡುತ್ತಿರುವಾಗ. ಪತ್ರಿಕೆ ತನ್ನ ಇತಿಹಾಸದಲ್ಲಿ ಬಿಟ್ಟ ಆ ಭಾಗವನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ.

ಪತ್ರಿಕೆಯನ್ನು ಆರಂಭಿಸಿದವರು ಈಗಿನ ಯಜಮಾನರ ತಂದೆ. ಅವರನ್ನು ನಾವೆಲ್ಲ ಹಿರಿಯರು ಎಂದೇ ಕರೆಯುತ್ತಿದ್ದೆವು. ಹೊಸಪೇಟೆಯ ಬಸ್ ನಿಲ್ದಾಣದಿಂದ ಕಾಲುವೆಯ ಕಡೆಗೆ ತಿರುಗುವ ಗಲ್ಲಿಯೊಂದರಲ್ಲಿ ಕಚೇರಿ. ಬೆಳಿಗ್ಗೆ ಸುದ್ದಿ, ಮಧ್ಯಾಹ್ನ ಮುದ್ರಣ, ಸಂಜೆಯ ಬಸ್ಸುಗಳಿಗೆ ಕಟ್ಟು. ಕಂಪ್ಲಿಯವರಿಗೆ ಭತ್ತದ ಧಾರಣೆ ಬೇಕು. ಕಮಲಾಪುರದವರಿಗೆ ಕಾಲುವೆಗೆ ನೀರು ಬಿಡುವ ದಿನ ಬೇಕು. ಹಂಪಿಯವರಿಗೆ ಯಾರ ಅಂಗಡಿ ತೆರವಿಗೆ ನೋಟೀಸು ಬಂತು ಎಂಬುದು ಬೇಕು. ಸಂಡೂರಿನವರಿಗೆ ಯಾವ ಗುಡ್ಡ ಯಾರ ಪಾಲಾಯಿತು ಎಂಬುದು ಬೇಕು. ಬೆಂಗಳೂರಿನ ದೊಡ್ಡ ಪತ್ರಿಕೆಗಳು ಮರುದಿನ ಒಳಪುಟದಲ್ಲಿ ನಾಲ್ಕು ಸಾಲು ಹಾಕುವುದನ್ನು ನಾವು ಅಂದೇ ಸಂಜೆ ಮುಖಪುಟದಲ್ಲಿ ಹಾಕುತ್ತಿದ್ದೆವು. ನಾಲ್ಕೇ ಪುಟದ ಪತ್ರಿಕೆಯಾದರೂ ನಾಲ್ಕೂ ಕಡೆಯವರಿಗೆ ಅದು ಮನೆಯ ಪತ್ರಿಕೆಯಾಗಿತ್ತು.

ಕಚೇರಿಯ ಹೊರಗೋಡೆಗೆ ಎರಡು ಕೊಕ್ಕೆ; ಕೊಕ್ಕೆಗಳಿಗೆ ಹಲಗೆ. ಸಾಗುವಾನಿಯದು, ಹಿರಿಯರೇ ನಿಂತು ಮಾಡಿಸಿದ್ದು. ಅದರ ಮೇಲೆ ಬರೆಯುವುದಕ್ಕೆ ಅವರೊಂದು ಕ್ರಮ ಇಟ್ಟಿದ್ದರು. ಸುದ್ದಿಯನ್ನು ಪೂರ್ತಿ ಬರೆಯಬಾರದು. ಅರ್ಧಕ್ಕೆ ನಿಲ್ಲಿಸಿ ಮೂರು ಚುಕ್ಕೆ ಇಡಬೇಕು. ಬಸ್ಸಿಗೆ ಹೋಗುವವನು ಓದಬೇಕು, ಮುಂದೇನು ಎಂದು ತಲೆ ಕೆರೆದುಕೊಳ್ಳಬೇಕು, ಪತ್ರಿಕೆ ಕೊಳ್ಳಬೇಕು. ಆದರೆ ಕೊಂಡವನಿಗೆ ಆ ಉಳಿದರ್ಧ ಒಳಗೆ ಸಿಕ್ಕಲೇಬೇಕು. ಈ ಎರಡನೆಯ ಮಾತಿನಲ್ಲಿ ಅವರು ಬಲು ಕಟ್ಟುನಿಟ್ಟು.

ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ ದಿನ ಅವರು ನನ್ನ ಕೈಬರಹ ನೋಡಿ, ಸೀಮೆಸುಣ್ಣವನ್ನು ಕೈಗೆ ಕೊಟ್ಟು ಹೇಳಿದರು: "ಅಕ್ಕೋರೆ, ಹಲಗಿ ಕೇಳಬೇಕು, ಪೇಪರ್ ಹೇಳಬೇಕು. ಇದು ಉಲ್ಟಾ ಆದ ದಿವ್ಸ ನಾವು ಬಾಗ್ಲಾ ಹಾಕ್ಕೊಂಡು ಮಂಡಕ್ಕಿ ಅಂಗಡಿ ಇಡೋಣ."

ಅಲ್ಲಿಂದ ಮುಂದೆ, ಅವರು ತೀರಿಕೊಂಡ ನಂತರವೂ, ಹಲಗೆ ನನ್ನದಾಗಿತ್ತು. ಜನ ಅದನ್ನು ಓದಲೆಂದೇ ಗಲ್ಲಿಯಲ್ಲಿ ಸುತ್ತಿ ಹೋಗುತ್ತಿದ್ದರು. ಕೆಲವರು ಪತ್ರಿಕೆ ಕೊಳ್ಳದೆ ಕಿಟಕಿಯಲ್ಲಿ ಇಣುಕಿ, "ಅಕ್ಕೋರೆ, ಉಳಿದಿದ್ದು ಬಾಯಿಲೆ ಹೇಳಿಬಿಡ್ರಿ" ಎಂದು ಗೋಗರೆಯುತ್ತಿದ್ದರು. ಹೇಳಿದವಳಲ್ಲ.

ಆಮೇಲೆ ಅದಿರಿನ ಕಾಲ ಬಂತು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೊರಟವು. ಹೆದ್ದಾರಿಯ ಎರಡೂ ಬದಿಯ ಬೇವಿನ ಮರಗಳು ಕೆಂಪಾದವು; ಒಗೆದು ಹರವಿದ ಬಿಳಿ ಪಂಚೆ ಕೆಂಪಾಗಿಯೇ ಒಣಗುತ್ತಿತ್ತು. ಬೆಳಿಗ್ಗೆ ಹಲಗೆ ಒರೆಸಿದ ಒದ್ದೆ ಬಟ್ಟೆಯನ್ನು ಹಿಂಡಿದರೆ ಸುಣ್ಣದ ಬಿಳಿ ಕಾಣುತ್ತಿರಲಿಲ್ಲ, ಕುಂಕುಮದ ನೀರು ಇಳಿಯುತ್ತಿತ್ತು. ಮೇಷ್ಟ್ರುಗಳು ಲಾರಿ ಕೊಂಡರು, ಅಕ್ಕಿ ಗಿರಣಿಯವರು ಲಾರಿ ಕೊಂಡರು, ಬಟ್ಟೆ ಅಂಗಡಿಯವರು ಕೊಂಡರು. ನಮ್ಮ ಯಜಮಾನರೂ ಕೊಂಡರು. ಅವರ ಲಾರಿಗಳು ಗುಡ್ಡದ ಒಂದು ಗಣಿಗೆ ಓಡುತ್ತಿದ್ದವು. ಆ ಗಣಿಯ ಧಣಿಗೆ ಹುಟ್ಟುಹಬ್ಬ ಬಂದರೆ ನಮ್ಮ ಪತ್ರಿಕೆಗೆ ಹಬ್ಬ. ಪೂರ್ತಿ ಪುಟದ ಶುಭಾಶಯ, ನಡುವೆ ಕೈಮುಗಿದ ಧಣಿ, ಸುತ್ತ ಅಂಚೆಚೀಟಿಯಷ್ಟು ಮುಖಗಳು.

ಆ ದಿನಗಳಲ್ಲೇ ನನ್ನ ಮೇಜನ್ನು ಕಿಟಕಿಯ ಬಳಿಯಿಂದ ತೆಗೆದು ಯಂತ್ರದ ಕೋಣೆಯ ಬಾಗಿಲಿಗೆ ಆನಿಸಿ ಇಟ್ಟರು. ಕಿಟಕಿಯ ಜಾಗಕ್ಕೆ ಜಾಹೀರಾತು ತರುವವನ ಸೋಫಾ ಬಂತು. "ನಿಮಗ ಯಾಕ್ರಿ ಗಾಳಿ ಬೆಳಕು, ಕಾಗದ ನೋಡೋರಿಗೆ" ಎಂದು ಯಜಮಾನರು ನಕ್ಕಿದ್ದರು. ಎಲ್ಲರೂ ನಕ್ಕರು. ಯಾರು ಯಾರು ನಕ್ಕರು ಎಂಬುದು ನನಗೆ ಗೊತ್ತಿದೆ.

ಮಳೆಗಾಲದ ಮೊದಲ ವಾರಗಳಲ್ಲಿ ಒಂದು ಬೆಳಿಗ್ಗೆ ಸಂಡೂರು ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸು ಬಂದಳು. ಕೂದಲು ಅರ್ಧ ನರೆತಿತ್ತು, ಕೈಯಲ್ಲಿ ಹಾಲಿನ ಕ್ಯಾನು. ಸೋಫಾದ ಮೇಲಿದ್ದ ಜಾಹೀರಾತಿನವನು ಕ್ಯಾನು ಕಂಡು, "ಚಾ ಅಲ್ಲಿಡವ್ವಾ" ಎಂದ. ಅವಳು ಅವನನ್ನು ದಾಟಿ ನೇರ ನನ್ನ ಮೇಜಿಗೆ ಬಂದು ಮುಚ್ಚಳ ತೆಗೆದಳು.

"ಚಾ ಅಲ್ರಿ ಇದು. ನಮ್ಮೂರಾಗ ಕುಡಿಯೋ ನೀರು."

ನೋಡಿದರೆ ಹಾಲು ಹಾಕದ ಗಟ್ಟಿ ಚಹಾವೇ. ಗುಡ್ಡದ ಮೇಲೆ ಅಗೆದ ಕೆಲಸಕ್ಕೆ ಬಾರದ ಮಣ್ಣನ್ನು ಗಣಿಯವರು ಹಳ್ಳದ ತಲೆಗೆ ಸುರಿದಿದ್ದರಂತೆ. ಮೊದಲ ಮಳೆಗೆ ಮಣ್ಣೆಲ್ಲ ಇಳಿದು ಹಳ್ಳಕ್ಕೆ, ಹಳ್ಳದಿಂದ ಊರ ಬಾವಿಗೆ ಬಂದಿತ್ತು. ಟ್ಯಾಂಕರಿನಲ್ಲಿ ನೀರು ಕಳಿಸಿರೆಂದು ಅವಳು ಸರಕಾರಿ ಕಚೇರಿಯೊಂದಕ್ಕೆ ಹೋಗಿದ್ದಳು. ಯಾವ ಕಚೇರಿ ಎಂದು ನಾನು ಬರೆಯುವುದಿಲ್ಲ.

"ಅಲ್ಲಿ ಕುಂತಿದ್ದ ಸಾಹೇಬ್ರು ಏನಂದ್ರು?" ಎಂದು ಕೇಳಿದೆ.

"ಪೇಪರ್‌ನ್ಯಾಗ ಬಂದೈತೇನಮ್ಮಾ ಅಂದ್ರು. ಬಂದಿಲ್ರಿ ಅಂದೆ. ಬಂದ್ರ ನೋಡೋಣ, ಮ್ಯಾಲಿನವ್ರಿಗೆ ತೋರ್ಸಾಕ ಏನಾರ ಬೇಕಲ್ಲ ಅಂದ್ರು. ಅದಕ್ಕ ಬಂದೀನಿ. ನೀವು ಪೇಪರ್‌ನ್ಯಾಗ ಹಾಕ್ರಿ, ನಾ ಅದನ್ನ ಒಯ್ದು ಅವ್ರ ಟೇಬಲ್ ಮ್ಯಾಲ ಇಡ್ತೀನಿ."

ಅವಳ ಬೇಡಿಕೆ ಇಷ್ಟೇ ಆಗಿತ್ತು. ಕ್ಯಾನನ್ನು ಸಾಕ್ಷಿಗೆಂದು ನನ್ನ ಮೇಜಿನ ಕೆಳಗಿಟ್ಟು ಹೋದಳು. ಹೋಗುವಾಗ ಹೇಳಿದಳು: "ಕ್ಯಾನು ಜ್ವಾಪಾನ ರೀ. ಅದು ನನ್ ಸೊಸಿದು, ನೀರಿಗಿಂತ ಜಾಸ್ತಿ ಜಗಳಾ ಅದರದ ಆಗ್ತೈತಿ."

ಕೇಳಿದ ಮಾತನ್ನು ಹಾಗೆಯೇ ಅಚ್ಚಿಗೆ ಕೊಡುವುದು ನನ್ನ ಕ್ರಮವಲ್ಲ. ಮರುದಿನ ಮೊದಲ ಬಸ್ಸಿಗೆ ಆ ಊರಿಗೆ ಹೋದೆ. ಬಾವಿಯ ಮೆಟ್ಟಿಲುಗಳ ಮೇಲೆ ಕೆಂಪು ಕೆಸರು ಒಣಗಿ ಹೆಂಚಿನಂತೆ ಬಿರಿದಿತ್ತು. ಹಳ್ಳದ ಗುಂಟ ಮೇಲೆ ಹತ್ತಿ ಮಣ್ಣಿನ ರಾಶಿಯನ್ನು ಕಣ್ಣಾರೆ ಕಂಡೆ, ಅದರ ಪಕ್ಕದಲ್ಲಿ ನಿಂತ ಲಾರಿಗಳನ್ನೂ ಕಂಡೆ. ಆ ಲಾರಿಗಳಲ್ಲಿ ಒಂದರ ಮುಂಗಾಜಿನ ಮೇಲೆ ನಮ್ಮ ಯಜಮಾನರ ಮನೆದೇವರ ಹೆಸರಿತ್ತು. ಹಿಂದಿರುಗಿ, ಕಂಡಷ್ಟನ್ನೇ ಬರೆದೆ. ಲಾರಿಯ ವಿಷಯ ಬರೆಯಲಿಲ್ಲ. ಅದು ನೀರಿಗೆ ಸಂಬಂಧಿಸಿದ್ದಲ್ಲ ಎಂದು ಆಗ ನನಗೆ ಅನ್ನಿಸಿತ್ತು. ಸುದ್ದಿ ಮುಖಪುಟಕ್ಕೆ ಹೋಯಿತು. ಕರಡು ತಿದ್ದಿ ಕೊಟ್ಟು, ಎಂದಿನಂತೆ ಸೀಮೆಸುಣ್ಣ ಹಿಡಿದು ಹೊರಗೆ ಬಂದು ಹಲಗೆಯ ಮೇಲೆ ಬರೆದೆ: "ಸಂಡೂರು ಸೀಮೆಯ ಹಳ್ಳಿಯ ಕುಡಿಯುವ ನೀರು ಕೆಂಪು. ಹಳ್ಳಕ್ಕೆ ಮಣ್ಣು ಸುರಿದವರು..."

ನಾನು ಹೊರಗೆ ನಿಂತು ಬರೆಯುತ್ತಿದ್ದಾಗ ಒಳಗೆ ಯಜಮಾನರು ಯಂತ್ರ ನಿಲ್ಲಿಸಿ, ಮುಖಪುಟವನ್ನೇ ಬದಲಿಸಿ, ಪೂರ್ತಿ ಪುಟಕ್ಕೆ ಅದೇ ಗಣಿಯ ಧಣಿಯ ಹುಟ್ಟುಹಬ್ಬವನ್ನು ಏರಿಸಿದ್ದರು. ನನಗೆ ಹೇಳಲಿಲ್ಲ. ಹಲಗೆಯ ನೆನಪೂ ಅವರಿಗೆ ಆಗಲಿಲ್ಲ. ಅವರು ಕಚೇರಿಗೆ ಹಿಂಬಾಗಿಲಿನಿಂದ ಬರುವ ರೂಢಿಯವರು. ಕಟ್ಟುಗಳು ನಿಲ್ದಾಣಕ್ಕೆ ಹೋದ ಮೇಲೆ ಕಚೇರಿ ಪ್ರತಿ ನನ್ನ ಮೇಜಿಗೆ ಬಂತು; ಆಗಲೇ ನನಗೆ ತಿಳಿದದ್ದು. ಹಲಗೆ ಕೇಳುತ್ತಿತ್ತು, ಪತ್ರಿಕೆಯಲ್ಲಿ ಹೇಳುವುದಕ್ಕೆ ಏನೂ ಇರಲಿಲ್ಲ.

ಆಮೇಲೆ ನಡೆದದ್ದನ್ನು ನನಗೆ ಹೇಳಿದವನು ನಿಲ್ದಾಣದಲ್ಲಿ ಪತ್ರಿಕೆ ಮಾರುವ ಅಂಗಡಿಯವನು. ಸಂಜೆ ಉಸಿರು ಬಿಡುತ್ತಾ ಬಂದ.

"ಅಕ್ಕೋರೆ, ಇವತ್ತ ಏನ್ ಬಾಂಬ್ ಹಾಕೀರಿ? ಗಣಿ ಮಂದಿ ಜೀಪ್ ತಂದು ರೊಕ್ಕಾ ಕೊಟ್ಟು ಎಲ್ಲಾ ಕಾಪಿ ಎತ್ಕೊಂಡು ಹೋದ್ರು. ಕಂಪ್ಲಿ ಬಸ್ಸಿನ ಮ್ಯಾಲಿಂದ ಕಟ್ಟು ಇಳ್ಸಿದ್ರು. ಸಂಡೂರು ಬಸ್ಸು ಹೊಂಟಿತ್ತು, ಬೆನ್ನತ್ತಿ ಹಿಡ್ದ್ರು."

"ಬಿಚ್ಚಿ ನೋಡಿದ್ರೇನು?"

"ಎಲ್ಲಿ ನೋಡ್ತಾರ್ರಿ. ಹಲಗಿ ಮುಂದ ಜೀಪ್ ನಿಂದ್ರಿಸಿ ಓದಿದ್ರು, ಫೋನ್ ಹಚ್ಚಿದ್ರು, ಬಂದ್ರು, ಕೊಂಡ್ರು. ಅವ್ರಿಗೆ ಕೊಂಡು ಗೊತ್ತು, ಓದಿ ಗೊತ್ತಿಲ್ಲ."

ಕೊಂಡದ್ದನ್ನು ಅವರು ತಮ್ಮ ಕಚೇರಿಯ ಹಿಂದಿನ ಬಯಲಿನಲ್ಲಿ ಸುರಿದು ಬೆಂಕಿ ಹಚ್ಚಿದರು. ಹೀಗೆ ತಮ್ಮ ಧಣಿಯ ಹುಟ್ಟುಹಬ್ಬದ ದಿನ, ಕೈಮುಗಿದು ನಗುತ್ತಿದ್ದ ಅವನ ಚಿತ್ರಗಳನ್ನು ಅವನ ಮಂದಿಯೇ ರಾಶಿ ಹಾಕಿ ಸುಟ್ಟರು. ಊರಿಗೆ ಒಂದು ಪ್ರತಿಯೂ ಉಳಿಯಲಿಲ್ಲ.

ಊರು ಸುಮ್ಮನಿರುತ್ತದೆಯೇ. ಮರುದಿನ ಬೆಳಿಗ್ಗೆ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕುಳಿತವರೆಲ್ಲ ಆ ಸುದ್ದಿಯನ್ನು ಓದಿದವರೇ. ಒಬ್ಬ ಧಣಿಯ ಹೆಸರು ಮೂರು ಕಡೆ ಬಂದಿತ್ತೆಂದ. ಇನ್ನೊಬ್ಬ, "ಲೇ, ಫೋಟೋನೂ ಇತ್ತು, ನಾನ ನೋಡೀನಿ" ಎಂದ. ಫೋಟೋ ಇದ್ದದ್ದಂತೂ ನಿಜ. ಏನನ್ನೂ ಮುದ್ರಿಸದೆ ನಮ್ಮ ಪತ್ರಿಕೆ ಒಂದು ರಾತ್ರಿಯಲ್ಲಿ ಜಿಲ್ಲೆಯ ಧೀರ ಪತ್ರಿಕೆಯಾಯಿತು. ಈ ಕೀರ್ತಿಯನ್ನು ವಿಶೇಷ ಸಂಚಿಕೆಯಲ್ಲಿ ಯಜಮಾನರು ಬಿಡದೆ ಬಳಸಿಕೊಂಡಿದ್ದಾರೆ: ಒತ್ತಡಗಳಿಗೆ ಮಣಿಯದ ಪತ್ರಿಕೆ, ಒಮ್ಮೆ ಎಲ್ಲ ಪ್ರತಿಗಳನ್ನೂ ಸುಡಲಾಯಿತು, ಇತ್ಯಾದಿ. ಸುಟ್ಟ ಪ್ರತಿಗಳಲ್ಲಿ ಏನಿತ್ತು ಎಂಬುದನ್ನು ಮಾತ್ರ ಬರೆದಿಲ್ಲ.

ಅಂದು ಅವರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಒಂದು ಕಡೆ ಧಣಿಯ ಕಡೆಯವರ ಬೈಗುಳ, ಇನ್ನೊಂದು ಕಡೆ ದಾರಿಯಲ್ಲಿ ಸಿಕ್ಕವರೆಲ್ಲರ ಶಹಬ್ಬಾಸು. ಎರಡನ್ನೂ ಹೊತ್ತುಕೊಂಡು ನನ್ನ ಮೇಜಿಗೆ ಬಂದರು.

"ನಿಮ್ಮ ಹಲಗಿ ಅಧಿಕಪ್ರಸಂಗದಿಂದ ಇಷ್ಟೆಲ್ಲಾ ಆತು. ಇವತ್ತ ಅದರ ಮ್ಯಾಲ ಹುಟ್ಟುಹಬ್ಬದ ಶುಭಾಶಯ ಬರೀರಿ. ದೊಡ್ಡ ಅಕ್ಷರದಾಗ. ಪೂರ್ತಿ ಬರೀರಿ, ಚುಕ್ಕಿ ಬ್ಯಾಡ."

"ನೀರಿನ ಸುದ್ದಿ ಇವತ್ತಾದ್ರೂ ಹಾಕ್ತೀರೇನು ಯಜಮಾನ್ರೆ?"

"ನೀರು ಮಳಿಗಾಲ ಮುಗದ ಮ್ಯಾಲ ತಿಳಿಯಾಗ್ತೈತಿ ಬಿಡ್ರಿ. ಅದೂ ಒಂದು ಸುದ್ದೀನ?"

ಅವರು ಒಳಗೆ ಹೋದರು. ಅಷ್ಟರಲ್ಲಿ ಆ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಮುಖ ಅರಳಿತ್ತು.

"ಬಂತಂತಲ್ರಿ ಅಕ್ಕೋರೆ. ಬಸ್ಸಿನ್ಯಾಗ ಎಲ್ಲಾರೂ ಅದ ಮಾತು. ಒಂದ್ ಕಾಪಿ ಕೊಡ್ರಿ, ಆ ಸಾಹೇಬ್ರಿಗೆ ತೋರಸ್ತೀನಿ."

ನನ್ನ ಮೇಜಿನ ಮೇಲೆ ಹಿಂದಿನ ದಿನದ ಕಚೇರಿ ಪ್ರತಿ ಇತ್ತು. ಅದನ್ನು ಅವಳ ಮುಂದೆ ಬಿಡಿಸಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಪುಟದ ತುಂಬ ಕೈಮುಗಿದು ನಿಂತ ಮನುಷ್ಯ ಯಾರೆಂದು ಓದದೆಯೂ ತಿಳಿಯುತ್ತಿತ್ತು. ಅವನ ಬ್ಯಾನರುಗಳು ಅವಳ ಊರಿನ ಕಂಬಗಳಿಗೂ ಕಟ್ಟಿದ್ದವು.

"ನಮ್ಮ ನೀರು ಎಲ್ಲೈತ್ರಿ ಇದರಾಗ?"

"ಇಲ್ಲಮ್ಮಾ. ತೆಗದಾರ."

"ಮತ್ತ ಮಂದಿ ಏನು ಓದಿದ್ರು?"

"ಹಲಗಿ ಓದಿದ್ರು."

ಅವಳು ಹೊರಗೆ ಹೋಗಿ ಹಲಗೆಯನ್ನು ನೋಡಿ ಬಂದಳು. ಬಳಿಕ ಬಹಳ ಸಮಾಧಾನದಿಂದ, ಅಂಗಡಿಯಲ್ಲಿ ಬೆಲ್ಲ ಇಲ್ಲದಿದ್ದರೆ ಸಕ್ಕರೆ ಕೊಡಿ ಎನ್ನುವ ಧಾಟಿಯಲ್ಲಿ ಹೇಳಿದಳು: "ಹಂಗಾದ್ರ ಹಲಗೀನ ಕೊಡ್ರಿ. ಅದನ್ನ ಒಯ್ತೀನಿ."

ನಾನು ನಗಲಿಲ್ಲ. ನನ್ನ ಸೇವೆಯ ವರ್ಷಗಳಲ್ಲಿ ಆ ಕಚೇರಿಯೊಳಗೆ ಕೇಳಿದ ಮಾತುಗಳಲ್ಲಿ ಅಷ್ಟು ಸರಿಯಾದ ಮಾತು ಇನ್ನೊಂದಿಲ್ಲ. ಸೀಮೆಸುಣ್ಣ ಚೀಲಕ್ಕೆ ಹಾಕಿಕೊಂಡೆ, ಅವಳ ಕ್ಯಾನು ಅವಳ ಕೈಗೆ ಕೊಟ್ಟೆ, ಹೊರಗೆ ಬಂದು ಹಲಗೆಯನ್ನು ಒರೆಸಿದೆ. ಹಿರಿಯರ ಕ್ರಮವನ್ನು ಅಂದು ಮೊದಲ ಬಾರಿಗೆ ಮುರಿದು ಪೂರ್ತಿ ಬರೆದೆ: "ಸಂಡೂರು ಸೀಮೆಯ ಹಳ್ಳಿಯ ಕುಡಿಯುವ ನೀರು ಕೆಂಪು. ಹಳ್ಳಕ್ಕೆ ಮಣ್ಣು ಸುರಿದವರು ಗುಡ್ಡದ ಮೇಲಿನ ಗಣಿಯವರು. ಟ್ಯಾಂಕರ್ ಬಂದಿಲ್ಲ. ಈ ಸುದ್ದಿ ಪತ್ರಿಕೆಯಲ್ಲಿ ಇಲ್ಲ." ಬರೆದು ಒಂದು ಕೊನೆ ನಾನು, ಇನ್ನೊಂದು ಕೊನೆ ಅವಳು ಹಿಡಿದು ಕೊಕ್ಕೆಯಿಂದ ಇಳಿಸಿದೆವು. ಗಲ್ಲಿಯ ಟೈಲರು ಹೊಲಿಗೆ ಯಂತ್ರ ನಿಲ್ಲಿಸಿ ನೋಡಿದ. ಜಾಹೀರಾತಿನವನು ಸೋಫಾದಿಂದ ಎದ್ದು ಬಂದು, "ಎಲ್ಲಿಗ್ರಿ ಅಕ್ಕೋರೆ?" ಎಂದ.

"ಸುದ್ದಿ ಹಂಚಾಕ" ಎಂದೆ.

ಸಂಡೂರು ಬಸ್ಸಿನ ಕಂಡಕ್ಟರ್ ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದ, ಕ್ಯಾನಿನೊಳಗೆ ಇಣುಕಿದ, ಮತ್ತೆ ಹಲಗೆ ಓದಿದ. "ಇದಕ್ಕ ಲಗೇಜ್ ಹಾಕಬೇಕ್ರಿ" ಎಂದ.

"ಪೇಪರ್ ಕಟ್ಟಿಗೆ ನೀವು ಲಗೇಜ್ ಹಾಕ್ತಿದ್ರೇನು?" ಎಂದು ಕೇಳಿದೆ.

"ಇಲ್ರಿ."

"ಇದೂ ಪೇಪರ್ರೇ. ಇವತ್ತಿನ ಕಟ್ಟು."

ಅವನು ಏಣಿ ಹತ್ತಿ ಹಲಗೆಯನ್ನು ಮೇಲೆ ಇಟ್ಟ. ತಪ್ಪು ಆದದ್ದು ಅಲ್ಲಿ: ಅಕ್ಷರಗಳು ಆಕಾಶ ನೋಡುವಂತೆ ಇಟ್ಟಿದ್ದ. ದಾರಿಯುದ್ದಕ್ಕೂ ನಮ್ಮ ಮುಂದೆ ಹಿಂದೆ ಅದಿರಿನ ಲಾರಿಗಳು. ಸಂಡೂರಿನಲ್ಲಿ ಇಳಿಸುವ ಹೊತ್ತಿಗೆ ಹಲಗೆಯ ತುಂಬ ಕೆಂಪು ಧೂಳು. ಕೊಡವಿದರೆ ಸುಣ್ಣವೂ ಅದರೊಡನೆ ಹೋಯಿತು. ಹೆಂಗಸು ಬರಿದಾದ ಹಲಗೆಯನ್ನು ನೋಡಿ, "ಅಯ್ಯ, ಇದನ್ನೂ ತೆಗೆದ್ರಲ್ರಿ" ಎಂದಳು. ನನ್ನ ಚೀಲದಲ್ಲಿ ಸೀಮೆಸುಣ್ಣ ಇದೆಯೆಂದು ತೋರಿಸಿದೆ.

ಹಾಗಾಗಿ ಆ ಸರಕಾರಿ ಕಚೇರಿಯ ವರಾಂಡದಲ್ಲಿ, ಕೆಲಸಕ್ಕೆ ಬಂದು ಕಾಯುತ್ತಿದ್ದ ಜನರ ಎದುರಿನಲ್ಲಿ, ಹಲಗೆಯನ್ನು ಕಂಬಕ್ಕೆ ಆನಿಸಿ ಮತ್ತೊಮ್ಮೆ ಬರೆದೆ. ಹಿಂದಿನದಕ್ಕಿಂತ ಅಕ್ಷರ ಚೆನ್ನಾಗಿಯೇ ಬಂತು. ಕಾಯುತ್ತಿದ್ದವರು ಗಟ್ಟಿಯಾಗಿ ಓದತೊಡಗಿದರು. ಓದು ಬಾರದವರಿಗೆ ಓದಿ ಹೇಳಿದರು. ಆ ಸದ್ದಿಗೆ ಸಾಹೇಬರು ತಾವಾಗಿಯೇ ಹೊರಗೆ ಬಂದರು.

"ಏನ್ ಮೇಡಮ್ಮೋರೆ ಇದು? ಇದು ಪೇಪರ್ ಅಲ್ಲ."

"ಪೇಪರ್‌ನ್ಯಾಗ ಜಾಗ ಇರ್ಲಿಲ್ರಿ. ಮ್ಯಾಲಿನವ್ರಿಗೆ ತೋರ್ಸಾಕ ಏನಾರ ಬೇಕು ಅಂದಿದ್ರಂತಲ್ಲ, ತಂದೀವಿ. ಎಷ್ಟು ದಿನ ಬೇಕೋ ಅಷ್ಟು ದಿನ ಇಲ್ಲೇ ಇಟ್ಕೋರಿ. ನಾ ದಿನಾ ಬಂದು ಅಕ್ಷರ ತಿದ್ದಿ ಹೋಗ್ತೀನಿ."

ಸಾಹೇಬರು ಜನರನ್ನು ನೋಡಿದರು, ಹಲಗೆಯನ್ನು ನೋಡಿದರು. ಹೆಂಗಸು ಅಷ್ಟರಲ್ಲಿ ಒಳಗೆ ಹೋಗಿ ಅವರ ಮೇಜಿನ ಮೇಲಿದ್ದ ಸ್ಟೀಲ್ ಜಗ್ಗಿಗೆ ಕ್ಯಾನನ್ನು ಬಗ್ಗಿಸಿ, ಖಾಲಿ ಕ್ಯಾನು ಹಿಡಿದು ಹೊರಬಂದಿದ್ದಳು.

"ಕ್ಯಾನು ನನಗ ಬೇಕ್ರಿ ಸಾಹೇಬ್ರ," ಎಂದಳು, "ನೀರು ನೀವು ಇಟ್ಕೋರಿ."

ಟ್ಯಾಂಕರ್ ಮರುದಿನ ಹೋಯಿತು, ಹಲಗೆಯನ್ನು ನಾನು ಮನೆಗೆ ತಂದೆ. ಹಳ್ಳಕ್ಕೆ ಸುರಿದ ಮಣ್ಣು ಹಾಗೆಯೇ ಉಳಿಯಿತು. ಅದಕ್ಕಾಗಿ ಆ ಊರಿನವರು ಮುಂದೆ ಬಹಳ ಕಾಲ ಓಡಾಡಿದರು, ಅದು ಬೇರೆಯೇ ಕಥೆ. ಆದರೆ ನೀರು ಬಂತು. ಪತ್ರಿಕೆಯಲ್ಲಿ ಬಂದದ್ದರಿಂದ ಬರಲಿಲ್ಲ, ಹಲಗೆಯಲ್ಲಿ ಬಂದದ್ದರಿಂದ ಬಂತು. ಇತಿಹಾಸ ಬರೆಯುವವರು ಇಷ್ಟನ್ನು ಗಮನಿಸಬೇಕು.

ನಾನು ಪತ್ರಿಕೆಯ ಕಚೇರಿಗೆ ಹಿಂದಿರುಗಲಿಲ್ಲ. ಕೆಲಸ ಬಿಟ್ಟೆನೋ ಬಿಡಿಸಿದರೋ ಎಂದು ಕೇಳುವವರಿಗೆ ಹಿರಿಯರ ಮಾತನ್ನು ನೆನಪಿಸುತ್ತೇನೆ: ಉಲ್ಟಾ ಆದ ದಿನ ಬಾಗಿಲು ಹಾಕಿಕೊಳ್ಳಬೇಕು. ಮಗ ಹಾಕಿಕೊಳ್ಳಲಿಲ್ಲ, ನಾನು ಹಾಕಿಕೊಂಡೆ. ಕೆಲವು ದಿನಗಳ ಮೇಲೆ ಯಂತ್ರದ ಕೋಣೆಯವನೊಬ್ಬ ಮನೆಗೆ ಬಂದು, "ಹಲಗಿ ಆಫೀಸಿಂದು, ವಾಪಸ್ ತಗೊಂಡು ಬಾ ಅಂದಾರ್ರಿ" ಎಂದು ತಲೆ ತಗ್ಗಿಸಿ ನಿಂತ. ಹಲಗೆ ಕಚೇರಿಯದೇ, ನಾನು ಅಲ್ಲಗಳೆಯಲಿಲ್ಲ. "ಯಜಮಾನ್ರು ತಾವ ಬರಲಿ. ಹಲಗಿ ಮ್ಯಾಲ ಬರೆದಿರೋದನ್ನ ನನ್ನ ಎದುರಿಗೆ ಗಟ್ಟಿಯಾಗಿ ಓದಲಿ. ಓದಿ ಒಯ್ಯಲಿ" ಎಂದು ಹೇಳಿ ಕಳಿಸಿದೆ. ಅವರು ಬರಲಿಲ್ಲ. ಗಣಿಗಳು ನಿಂತವು, ಲಾರಿಗಳು ಗದ್ದೆಯಂಚಿನಲ್ಲಿ ತುಕ್ಕು ಹಿಡಿದವು, ಬೇವಿನ ಮರಗಳು ಹಸಿರಾದವು. ಅವರು ಇನ್ನೂ ಬಂದಿಲ್ಲ.

ವಿಶೇಷ ಸಂಚಿಕೆಯ ಬಿಡುಗಡೆಗೆ ಮಾತ್ರ, ಸಂಚಿಕೆಯ ಒಂದು ಪ್ರತಿಯೊಡನೆ, ಕರೆ ಬಂತು. ಹಳೆಯ ಸಿಬ್ಬಂದಿಗೆಲ್ಲ ಶಾಲು ಹೊದಿಸುತ್ತಾರಂತೆ. ಶಾಲು ಬೇಡ, ಗೆದ್ದಲಿನ ಮಾತನ್ನು ತಿದ್ದಿ ಮರುದಿನದ ಪತ್ರಿಕೆಯಲ್ಲಿ ಒಂದು ಸಾಲು ಹಾಕಿ ಎಂದು ಕೇಳಿದೆ. ಜಾಗವಿಲ್ಲ ಎಂದರು. ಅವರ ಪತ್ರಿಕೆಯಲ್ಲಿ ಯಾವುದಕ್ಕೆ ಜಾಗವಿರುವುದಿಲ್ಲ ಎಂಬುದು ನನಗೆ ಹೊಸತಲ್ಲ.

ಹಾಗಾಗಿ ನಮ್ಮ ಮನೆಯ ಕಾಂಪೌಂಡಿಗೆ ಎರಡು ಕೊಕ್ಕೆ ಹೊಡೆಸಿ ಹಲಗೆಯನ್ನು ರಸ್ತೆಗೆ ಮುಖಮಾಡಿ ತೂಗುಹಾಕಿದ್ದೇನೆ. ನೀರಿನ ಸುದ್ದಿಯನ್ನು ಅಂದಿನಂತೆಯೇ ಪೂರ್ತಿ ಬರೆದಿದ್ದೇನೆ, ಮಳೆಗೆ ಅಳಿಸಿದರೆ ಮತ್ತೆ ಬರೆಯುತ್ತೇನೆ. ಮಾರುಕಟ್ಟೆಗೆ ಹೋಗುವವರು ನಿಂತು ಓದುತ್ತಾರೆ. ಗೆದ್ದಲಿನ ಅನುಮಾನವಿದ್ದವರು ಹತ್ತಿರ ಬಂದು ಅಂಚುಗಳನ್ನು ತಟ್ಟಿ ನೋಡಬಹುದು. ಹಿಂಬದಿಯನ್ನೂ ತಿರುಗಿಸಿ ನೋಡಲಿ. ಯಜಮಾನರಿಗೂ ಈ ಮಾತು ಅನ್ವಯಿಸುತ್ತದೆ; ಅವರು ಮಾತ್ರ ಮೊದಲು ಗಟ್ಟಿಯಾಗಿ ಓದಬೇಕು.